ಅರವತ್ತಕ್ಕೆ ನಿಂತ ಪರದೆ

ನಮ್ಮತ್ತಿಗೆ ಹಲ್ಲು ಮಾಡುತ್ತಾಳೆ. ಲ್ಯಾಬಿಗೆ ಯಾರದೋ ಬಾಯಿಯ ಅಚ್ಚು ಬರುತ್ತದೆ; ಇವಳು ಮೇಣದಲ್ಲಿ ಒಂದೊಂದೇ ಹಲ್ಲು ಕೆತ್ತಿ, ಹುಟ್ಟಿದ ಹಲ್ಲೇ ನಾಚಬೇಕು ಹಾಗೆ ಕೂರಿಸುತ್ತಾಳೆ. ಸಂಜೆ ಮನೆಗೆ ಬಂದು, ಮುಖ ತೊಳೆದು, ನನ್ನ ಪಕ್ಕ ಕೂತು ಕಂಪ್ಯೂಟರಿನಲ್ಲಿ ಗುಂಡು ಹಾರಿಸುತ್ತಾಳೆ. ಅತ್ತಿಗೆ-ನಾದಿನಿ ಅಂದರೆ ಹಾವು-ಮುಂಗುಸಿ ಅನ್ನುವವರು ಅನ್ನಲಿ, ನಮ್ಮದು ಒಂದೇ ತಂಡ. ಆಟ ಕಲಿಸಿದ್ದು ನಾನು, ಕಲಿತ ಕೆಲವೇ ವಾರಗಳಲ್ಲಿ ನನ್ನನ್ನು ಮೂಲೆಗೆ ಕೂರಿಸಿದ್ದು ಅವಳು. ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಅಂಥವಳ ಗುಂಡು ಈಚೆಗೆ ತಪ್ಪತೊಡಗಿತು. ಲ್ಯಾಬಿನಲ್ಲೂ ಅವಳು ಮಾಡಿದ ಹಲ್ಲುಗಳು ವಾಪಸ್ ಬರುತ್ತಿದ್ದವು. ಇನ್ನೊಂದು ಸಲ ಹೀಗಾದರೆ ಪ್ಯಾಕಿಂಗ್ ಮೇಜಿಗೆ ಹೋಗು ಎಂದಿದ್ದನಂತೆ ಮಾಲೀಕ. ಮೇಣವೇ ಸರಿಯಿಲ್ಲ ಎಂದು ಅವನ ಹತ್ತಿರ ಜಗಳವಾಡಿ ಬಂದವಳು ಮನೆಯಲ್ಲಿ ಮಾನಿಟರಿನ ಮೇಲೆ ಹರಿಹಾಯ್ದಳು. ಆಮೇಲೆ ತಣ್ಣಗಾಗಿ ಕೇಳಿದಳು: "ನಿಜ ಹೇಳೇ, ತಪ್ಪು ಈ ಪರದೆದಾ, ನನ್ನ ಕೈದಾ?"

"ಪರದೆದೇ," ಎಂದೆ. ಮರುದಿನವೇ ಹೊಸ ಮಾನಿಟರ್ ತಂದೆ, ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೋರಿಸುವಂಥದ್ದು. ಆದರೂ ಗುಂಡು ತಪ್ಪಿತು. ಅತ್ತಿಗೆಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಎಂದು ಪರದೆಯ ಮೂಲೆಯಲ್ಲಿ ತೋರಿಸುವ ಅಂಕಿ ಕಣ್ಣಿಗೆ ಬಿತ್ತು: ಅರವತ್ತು. ನನಗೆ ಕುಣಿಯುವಷ್ಟು ಖುಷಿ.

"ನೋಡಿದ್ಯಾ? ಇದಿನ್ನೂ ನಿದ್ದೇಲಿದೆ. ನಿನ್ನ ಕೈಗೇನಾಗಿದೆ, ಮಣ್ಣು!"

ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ಬದಲಿಸಲು ಹೋದರೆ ಇನ್ನೂರ ನಲವತ್ತು ಪಟ್ಟಿಯಲ್ಲೇ ಇಲ್ಲ. ಹಳೇ ಕೇಬಲ್ಲಿಗೆ ಅಷ್ಟು ಹೊರುವ ತಾಕತ್ತಿರಲಿಲ್ಲ. ಡಬ್ಬದಲ್ಲಿ ಬಂದಿದ್ದ ಹೊಸ ಕೇಬಲ್ ಚುಚ್ಚಿದೆ; ಪಟ್ಟಿಯಲ್ಲಿ ಬಂತು, ಒತ್ತಿದೆ. ಆಟ ತೆರೆದರೆ ಮತ್ತೆ ಅರವತ್ತೇ! ತಲೆಕೆಟ್ಟು ಕಂಪ್ಯೂಟರಿನ ವಂಶವನ್ನೆಲ್ಲ ಜಾಲಾಡಿದೆ. ಕೊನೆಗೆ ನೋಡಿದರೆ ಆಟದೊಳಗೂ ಬೇರೆಯೇ ಒಂದು ಮಿತಿ ಹಾಕಿತ್ತು. ಅದನ್ನು ತೆಗೆದದ್ದೇ ತಡ, ಅಂಕಿ ಇನ್ನೂರು ದಾಟಿತು.

ಚಿತ್ರ ಬೆಣ್ಣೆಯ ಹಾಗೆ ಸರಿಯತೊಡಗಿತು. ಅತ್ತಿಗೆ ದೂರದ ಕಿಟಕಿಯೊಂದಕ್ಕೆ ಗುರಿಯಿಟ್ಟಳು. ಗುರಿಯ ಚುಕ್ಕೆ ಕಿಟಕಿಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಇಷ್ಟು ದಿನ ಚಿತ್ರವೇ ಕುಂಟುತ್ತಿದ್ದುದರಿಂದ ಆ ನಡುಕ ಅದರಲ್ಲಿ ಮುಚ್ಚಿಹೋಗಿತ್ತು. ಈಗ ಒಂದೊಂದು ಅದುರೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

"ಮೌಸ್ ಕೆಟ್ಟಿರ್ಬೇಕು," ಎಂದೆ.

"ನೀನು ಹಿಡಿ ನೋಡೋಣ."

ಹಿಡಿದೆ. ಚುಕ್ಕೆ ಮೊಳೆ ಹೊಡೆದಂತೆ ನಿಂತಿತು. ಬೇಕೆಂದೇ ಅಲ್ಲಾಡಿಸಿಬಿಡೋಣ ಅನ್ನಿಸಿತು, ಆದರೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

"ವಾಪಸ್ ಅರವತ್ತಕ್ಕೆ ಹಾಕ್ಲಾ?" ಎಂಥ ಪೆದ್ದು ಪ್ರಶ್ನೆ! ಬಾಯಿಗೆ ಬಂದದ್ದು ಅದೊಂದೇ.

"ಬೇಡ ಕಣೇ. ಪಾಪ, ಸುಮ್ಸುಮ್ನೆ ಮೇಣಕ್ಕೆ ಬೈದೆ," ಎಂದು ನಗಲು ನೋಡಿದಳು, ಆಗಲಿಲ್ಲ. "ನಾಳೆ ಡಾಕ್ಟರ ಹತ್ರ ನನ್ನ ಜೊತೆ ಬಾ. ನಿಮ್ಮಣ್ಣಂಗೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ."

ಅವಳ ಬಲಗೈಯನ್ನು ನನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಅಲ್ಲೂ ಅದು ನಡುಗುತ್ತಲೇ ಇತ್ತು.