ಯಂತ್ರ ಹೇಳಿದ ವಯಸ್ಸು

ರೊಟ್ಟಿ ಬಡಿಯುವ ಊರಿಗೆ ಬಂದು ಊಟದ ಬದಲು ಕುಡಿಯುವ ಡಬ್ಬಿಯ ಪುಡಿ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹುನಗುಂದದ ಓಣಿಯೊಂದರಲ್ಲಿ ಅಂಥವನೊಬ್ಬ ತೂಕದ ಯಂತ್ರ ಇಟ್ಟುಕೊಂಡು ನಿಂತಿದ್ದ. ಹತ್ತಿ ನಿಂತರೆ ಅದು ದೇಹದ ವಯಸ್ಸು ಹೇಳುತ್ತದಂತೆ. ಮೂವತ್ತರ ಹೆಂಗಸರಿಗೆಲ್ಲ ಐವತ್ತು ಎಂದು ಹೆದರಿಸಿತ್ತು. ಮಕ್ಕಳಿಗೂ ರೊಟ್ಟಿ ಬಿಡಿಸಿ ಪುಡಿ ಕುಡಿಸಲು ಅವರು ಸಿದ್ಧರಾಗಿದ್ದರು.

"ಇದು ಶುದ್ಧ ಮೋಸ!" ಎಂದು ಕೂಗಿದೆ.

"ನೀವೂ ಹತ್ತಿ ನೋಡ್ರಿ ಸರ," ಎಂದ ಮಾರುವವ.

ಹತ್ತಿದೆ. ನನಗೆ ನಲವತ್ತೆಂಟು. ಯಂತ್ರ ಎಪ್ಪತ್ತೊಂದು ಎಂದಿತು. ಗಾಬರಿಯಾದ ಹೆಂಗಸರು ಡಬ್ಬಿಗೆ ಕೈ ಚಾಚಿದರು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಹತ್ತಿದಳು. ಮೂವತ್ನಾಲ್ಕು!

"ಆಯಿ, ದಿನಾ ಏನ್ ತಿಂತೀರಿ?" ಎಂದು ಹೆಂಗಸರು ಮುತ್ತಿಕೊಂಡರು.

"ಸಜ್ಜಿ ರೊಟ್ಟಿ, ಕಾಳ ಪಲ್ಯ, ಶೇಂಗಾ ಹಿಂಡಿ. ಮತ್ತೇನ್ ಕಲ್ಲ ತಿನ್ಲಿ?"

ಹೆಂಗಸರು ನಗುತ್ತಾ, ಡಬ್ಬಿ ಅಲ್ಲೇ ಇಟ್ಟು ಮನೆಗೆ ಹೊರಟರು. ಗೆದ್ದೆ ಎಂದು ನಾನು ಎದೆ ಉಬ್ಬಿಸಿದೆ. ಮುದುಕಿ ಮಾರುವವನತ್ತ ತಿರುಗಿ, "ತಮ್ಮಾ, ಈ ಅಜ್ಜಗ ಒಂದ್ ಡಬ್ಬಿ ಕೊಡೋ, ಭಾಳ ದಣದಾನ," ಎಂದಳು.

ಆ ಯಂತ್ರ ಸುಳ್ಳು ಎಂದು ಈಗಲೂ ಹೇಳುತ್ತೇನೆ. ಮುದುಕಿಯ ವಿಷಯದಲ್ಲಿ ಮಾತ್ರ ಅದು ಖರೆ ಹೇಳಿತ್ತು.