ಮನೆಗೊಂದೇ ಅಕೌಂಟು

ನೆಂಟರು ನನ್ನನ್ನು ಅನುಮಾನದ ಪಿಶಾಚಿ ಅನ್ನುತ್ತಾರೆ. ಅನ್ನಲಿ ಬಿಡಿ. ಬಳ್ಳಾರಿಯ ಕೌಲ್ ಬಜಾರಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿಕೊಂಡು ಜೀನ್ಸ್ ಹೊಲಿಸುವವಳು ನಾನು. ಬಂದ ಬಟ್ಟೆಯನ್ನು ಅಳೆಯದೆ ಒಳಗೆ ತೆಗೆದುಕೊಂಡವಳಲ್ಲ. ಫೋನು ಏನಾದರೂ ಒತ್ತು ಅಂದರೆ ಅದರ ಕುಲಗೋತ್ರ ವಿಚಾರಿಸದೆ ಒತ್ತುವವಳೂ ಅಲ್ಲ.

ಒಂದು ದಿನ ಅಕ್ಕ ಸಿರುಗುಪ್ಪದಿಂದ ಬಂದಳು. ಹಲ್ಲು ತೋರಿಸಲು ಬಳ್ಳಾರಿ ದವಾಖಾನೆಗೆ ಹೋಗುತ್ತೇನೆಂದು ಗಂಡನ ಮನೆಯಲ್ಲಿ ಹೇಳಿದ್ದಳಂತೆ. ಬಾಗಿಲು ಹಾಕು ಅಂದಳು, ಹಾಕಿದೆ. ರವಿಕೆಯ ತೋಳು ಮೇಲೆತ್ತಿದಳು. ಭಾವನ ಬೆರಳಿನ ಗುರುತು ಅಲ್ಲಿತ್ತು, ನೀಲಿ ಹೋಗಿ ಹಸಿರಾಗುತ್ತಿತ್ತು.

"ಅವನ ಕೈಗೆ ಹುಳಾ ಬೀಳ್ಲಿ!" ಅಂದೆ.

"ಸುಮ್ನಿರು. ಫೋಟೋ ತಗದೀನಿ. ಅವರು ಬೈದದ್ದನ್ನೂ ರೆಕಾರ್ಡ್ ಮಾಡೀನಿ. ಹಿಂದಕ್ಕ ಹಿರ್ಯಾರ ಮುಂದ 'ನಾ ಕೈನs ಎತ್ತಿಲ್ಲ' ಅಂದ್ರು, ಎಲ್ಲಾರೂ ನಂಬಿದ್ರು. ಹಿರ್ಯಾರು ಇನ್ನೊಮ್ಮಿ ಕುಂತಾಗ ನನ್ನ ಮಾತು ನಂಬೋದು ಬ್ಯಾಡ, ಇವನ್ನ ನೋಡ್ಲಿ. ಅಲ್ಲೀತನಾ ಅವರ ಕೈಗೆ ಸಿಗಬಾರ್ದು. ಎಲ್ಲಿಡ್ಲಿ ಹೇಳು."

ಪೆನ್ ಡ್ರೈವಿನಲ್ಲಿ ಹಾಕಿ ನನ್ನ ಮನೆಯಲ್ಲಿಡೋಣವೆಂದರೆ ಭಾವ ಇಲ್ಲಿಗೂ ಬಂದು ಹೋಗುತ್ತಾನೆ. ಕುರುಗೋಡಿನ ತವರಿನಲ್ಲಿ ಅವ್ವನ ಟ್ರಂಕಿದೆ. ಆದರೆ ಅವ್ವ 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಅನ್ನುವ ಪೈಕಿ. ಅಳಿಯನಿಗೆ ಊಟ ಬಡಿಸುತ್ತಾ ಅವಳೇ ಅದನ್ನು ಅವನ ಕೈಗಿಟ್ಟಾಳು. ಕೊನೆಗೆ ಆನ್‌ಲೈನಿನಲ್ಲೇ ಇಡೋಣ ಅಂದುಕೊಂಡೆವು. ಅದರ ಮೇಲೂ ನನಗೆ ನಂಬಿಕೆಯಿಲ್ಲ. ಪುಕ್ಕಟೆ ಜಾಗ ಕೊಡುವವನು ಸುಮ್ಮನೆ ಕೊಟ್ಟಾನೆಯೇ? ಯಾವುದೋ ಕಾಣದ ಊರಿನ ಮಷಿನಿನಲ್ಲಿ ನನ್ನ ಅಕ್ಕನ ತೋಳು! ಆದರೆ ಆ ಮಷಿನಿಗೆ ಭಾವನ ಪರಿಚಯವಿಲ್ಲವಲ್ಲ, ಅಷ್ಟೇ ಸಮಾಧಾನ.

ಅಕ್ಕನ ಫೋನಿಗೆ ನಮ್ಮ ಮನೆಯ ವೈಫೈ ಹಾಕಲು ಹೊರಟೆ. ಪಾಸ್‌ವರ್ಡ್ ಅರ್ಧ ಒತ್ತಿದ್ದೆ, ಯಾಕೋ ಮನಸ್ಸು ಒಪ್ಪಲಿಲ್ಲ. ಬಿಟ್ಟು ಮೊದಲು ಅವಳ ಫೋಟೋಗಳನ್ನು ನೋಡಿದೆ. ಟ್ರ್ಯಾಕ್ಟರು, ಗೊಬ್ಬರದ ಚೀಲ, ಹಚ್ಚೊಳ್ಳಿಯ ಹೊಲದಲ್ಲಿ ಭತ್ತದ ಸಸಿ, ಭಾವನ ಗೆಳೆಯರು.

"ಇವೆಲ್ಲಾ ನೀ ತಗದದ್ದಾ?"

"ಇಲ್ಲವ್ವ, ಅವರ ಫೋನಿನವು. ನೆಟ್ ಇದ್ದಾಗ ತಾವs ಬಂದಾವ."

"ಅವನವು ತಾವs ಬಂದ್ರ, ನಿನ್ನವೂ ತಾವs ಹೋಗ್ತಾವಲ್ಲಕ್ಕಾ!"

ಹೊಸ ಫೋನ್ ಕೊಂಡರೆ ಅಂಗಡಿಯಲ್ಲೇ ಎಲ್ಲ ಹಾಕಿಸಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಸಿರುಗುಪ್ಪದ ಅಂಗಡಿಯವನು ಭಾವನಿಗೊಂದು ಅಕೌಂಟು ಮಾಡಿ, ಅದನ್ನೇ ಅಕ್ಕನ ಫೋನಿಗೂ ಅತ್ತೆಯ ಫೋನಿಗೂ ಹಾಕಿಕೊಟ್ಟಿದ್ದ. ಮನೆಗೊಂದೇ ರೇಷನ್ ಕಾರ್ಡು, ಮನೆಗೊಂದೇ ಅಕೌಂಟು. ಅದರ ಪಾಸ್‌ವರ್ಡ್ ಭಾವನ ಟ್ರ್ಯಾಕ್ಟರಿನ ನಂಬರು. ಇದರಲ್ಲಿ ತಪ್ಪೇನಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.

ಅಕ್ಕನ ಮುಖ ಬಿಳಿಚಿಕೊಂಡಿತು. "ಅವರು ನೋಡ್ಯಾರೇನs?"

ತೋಳಿನ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಯಾವುದೂ ಇನ್ನೂ ಮೇಲೆ ಹೋಗಿರಲಿಲ್ಲ, ನೆಟ್ ಬರಲೆಂದು ಕಾಯುತ್ತಾ ಕುಳಿತಿದ್ದವು.

"ನನ್ನ ಫೋನಿಗೆ ಹೋದ ತಿಂಗಳಿಂದ ನೆಟ್ ಹಾಕ್ಸಿಲ್ಲ. ದಂಡ ಅಂತ ಅತ್ತಿ ಬ್ಯಾಡಂದಾಳ. ಫೋಟೋ ತಗಿಯಾಕ ಶುರು ಮಾಡಿದ್ದು ಆಮ್ಯಾಲ," ಅಂದಳು ಅಕ್ಕ.

ಆ ಜಿಪುಣಿ ಮುದುಕಿಗೆ ಜೀವಮಾನದಲ್ಲಿ ಮೊದಲ ಸಲ ಮನಸ್ಸಿನಲ್ಲೇ ಕೈ ಮುಗಿದೆ. ಇನ್ನೆರಡು ಅಕ್ಷರ ಒತ್ತಿದ್ದರೆ ನಾನೇ ಎಲ್ಲವನ್ನೂ ಭಾವನ ಜೇಬಿಗೆ ಕಳಿಸಿಬಿಡುತ್ತಿದ್ದೆ.

ನನ್ನದೊಂದು ಹಳೆಯ ಫೋನಿತ್ತು, ಅದರಲ್ಲಿದ್ದುದನ್ನೆಲ್ಲ ಅಳಿಸಿದೆ. ಓಣಿಯ ತಿರುವಿನ ಅಂಗಡಿಯಲ್ಲಿ ಅಕ್ಕ ತನ್ನದೇ ಹೆಬ್ಬೆಟ್ಟು ಒತ್ತಿ ತನ್ನ ಹೆಸರಿಗೆ ಸಿಮ್ ತೆಗೆದುಕೊಂಡಳು. "ಅಕೌಂಟೂ ನಾನs ಮಾಡಿ ಕೊಡ್ಲೇನ್ರಿ ಅಕ್ಕಾರ?" ಅಂದ ಅಂಗಡಿಯವನು.

"ನಿನ್ನ ಉಪಕಾರ ಬ್ಯಾಡಪ್ಪ," ಅಂದೆ. ಪಾಪ, ಅವನಿಗೆ ಏನೂ ತಿಳಿಯಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ಬ್ಲೂಟೂತಿನಲ್ಲಿ ಹಳೆಯ ಫೋನಿಗೆ ಕಳಿಸಿ, ಅಕ್ಕನ ಫೋನಿನಿಂದ ಅಳಿಸಿ, ಅಳಿಸಿದ್ದು ಉಳಿದುಕೊಳ್ಳುವ ಬುಟ್ಟಿಯನ್ನೂ ಖಾಲಿ ಮಾಡಿದೆ. ಹೊಸ ಸಿಮ್ಮನ್ನು ಹಳೆಯ ಫೋನಿಗೆ ಹಾಕಿ, ಅದರಲ್ಲಿ ಹೊಸ ಅಕೌಂಟು ತೆರೆದೆ. ಅದಕ್ಕೆ ಎರಡು ಬೀಗ: ಒಂದು ಪಾಸ್‌ವರ್ಡ್, ಇನ್ನೊಂದು ಪ್ರತಿಸಲ ಆ ಸಿಮ್ಮಿಗೆ ಬರುವ ಅಂಕಿ. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಅಕ್ಕ ಫೋನ್ ಕಿತ್ತುಕೊಂಡಳು.

"ಆ ಕಡಿ ತಿರುಗು."

ತಿರುಗಿದೆ. ಅವಳು ಒತ್ತಿ ಮುಗಿಸಿದ ಮೇಲೆ, "ನನಗಾದ್ರೂ ಹೇಳು. ನಾಳಿ ನೀ ಮರತ್ರ?" ಅಂದೆ.

"ನಿನಗೂ ಹೇಳಂಗಿಲ್ಲ. ನಿನಗ ಸಿಟ್ಟು ಮೂಗಿನ ತುದಿಮ್ಯಾಲ. ಸಂಜಿ ಬಸ್ಸಿಗೇ ಕುರುಗೋಡಿಗೆ ಹೋಗಿ ಅವ್ವಗ ತೋರಸ್ತಿ. ಅವ್ವ ಅವರಿಗೆ ಫೋನ್ ಹಚ್ಚತಾಳ. ರಾತ್ರಿ ಆ ಮನ್ಯಾಗ ಇರಾಕಿ ನಾನು, ನೀ ಅಲ್ಲ."

ಸಂಜೆ ಬಸ್ಸಿಗೆ ಹೋಗಬೇಕೆಂದು ನಾನು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ. ಒಡಹುಟ್ಟಿದವಳೇ ನಂಬಲಿಲ್ಲವೆಂದು ಕಣ್ಣಲ್ಲಿ ನೀರು ಬಂತು. ಅವಳು ನೋಡಿಯೂ ನೋಡದವಳಂತೆ, ನಮ್ಮ ವೈಫೈಯಲ್ಲಿ ಎಲ್ಲವೂ ಹೊಸ ಅಕೌಂಟಿಗೆ ಹೋದ ಮೇಲೆ ಹಳೆಯ ಫೋನಿನಲ್ಲಿದ್ದುದನ್ನು ಅಳಿಸಿ, ಅಕೌಂಟಿನಿಂದ ಹೊರಬಂದು, ಫೋನ್ ಆಫ್ ಮಾಡಿ ನನ್ನ ಕೈಗಿತ್ತಳು. ಫೋನು ನನ್ನ ಹತ್ತಿರ, ಪಾಸ್‌ವರ್ಡ್ ಅವಳ ತಲೆಯಲ್ಲಿ. ಅವಳಿಲ್ಲದೆ ನಾನು ತೆರೆಯಲಾರೆ, ನಾನಿಲ್ಲದೆ ಅವಳೂ ತೆರೆಯಲಾರಳು.

ಹಬ್ಬಕ್ಕೆ ಭಾವ ಬಂದ. ಆ ಫೋನಿದ್ದ ಬೀರುವಿಗೇ ಒರಗಿ ಕುಳಿತು ಹೋಳಿಗೆ ತಿಂದ. "ನಿಮ್ಮಕ್ಕನ ಹಲ್ಲುನೋವಿಗೆ ದವಾಖಾನ್ಯಾಗ ಏನಂದ್ರವ್ವ?" ಅಂತ ಕೇಳಿ ನನ್ನ ಮುಖವನ್ನೇ ನೋಡಿದ. ಸುಮ್ಮನೆ ಕೇಳಿದನೋ, ಏನಾದರೂ ವಾಸನೆ ಹಿಡಿದಿದ್ದನೋ, ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ಹೋಳಿಗೆ ಹಾಕಿದೆ.

ಅವನು ಹೋದ ಮೇಲೂ ತುಂಬ ದಿನ ಅಕ್ಕ ಆ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ, ಅವಳ ಪಕ್ಕದಲ್ಲಿ ಯಾರು ಕುಳಿತು ಕೇಳಿಸಿಕೊಳ್ಳುತ್ತಾರೋ ಯಾರಿಗೆ ಗೊತ್ತು. ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಇಂಥವನ್ನು ನಾನು ಎತ್ತುವುದೇ ಇಲ್ಲ. ಎರಡನೆಯ ಸಲ ಬಂದಾಗ ಎತ್ತಿದೆ, ಮಾತಾಡಲಿಲ್ಲ. ಆ ಕಡೆ ಬಸ್ಸಿನ ಸದ್ದು, ಕಂಡಕ್ಟರನ ಕೂಗು.

"ಲೇ, ನಾನು," ಅಂದಳು ಅಕ್ಕ. "ಬ್ಯಾರೇರ ಫೋನ್ ಇಸಗೊಂಡೀನಿ. ಬಟ್ಟಿಬರಿ ತಗೊಂಡು ಬರಾಕತ್ತೀನಿ. ಆ ಫೋನ್ ಚಾರ್ಜಿಗೆ ಹಾಕು."