ರೊಟ್ಟಿ ನನಗೆ, ಚಟ್ನಿ ಅವಳಿಗೆ

ಆಗ ನನಗೆ ಐವತ್ತೊಂದು. ಹದಿನೇಳು ವರ್ಷದ ಹಿಂದಿನ ಮಾತು. ಕಲ್ಯಾಣದಲ್ಲಿ, ಸಾಲು ಖೋಲಿಗಳ ಒಂದು ಚಾಳಿನಲ್ಲಿ ನಾನೂ ನನ್ನ ತಂಗಿಯೂ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದೆವು. ಕಲಬುರ್ಗಿ ಕಡೆಯಿಂದ ಮರಾಠಿ ನಾಡಿಗೆ ದುಡಿಯಲು ಬಂದವರು ನಾವು. ಇಬ್ಬರ ಗಂಡಂದಿರೂ ಹಮಾಲಿ ಮಾಡುತ್ತಿದ್ದರು. ನನ್ನ ಖೋಲಿಯಲ್ಲಿ ಎರಡು ಒಲೆ ಎದುರುಬದುರು. ಒಂದರ ಮುಂದೆ ನಾನು, ಇನ್ನೊಂದರ ಮುಂದೆ ಅವಳು. ಮಧ್ಯಾಹ್ನ ಇಬ್ಬರೂ ಕೂತು ಚಟ್ನಿ ಕುಟ್ಟುತ್ತಿದ್ದೆವು. ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಗಂಡಂದಿರನ್ನು ಬೈಯುವುದೇ ಅರ್ಧ ಮಾತು.

ಪಕ್ಕದ ಡೊಂಬಿವಲಿಯಲ್ಲಿ ಉಡುಪಿ ಕಡೆಯ ಒಬ್ಬ ಅಂಗಡಿಯವರಿದ್ದರು. ಮೊದಲು ದುಬೈಯಲ್ಲಿ ದುಡಿದು ಬಂದವರು. ನಮ್ಮ ರೊಟ್ಟಿ ತಿಂದು ನೋಡಿ, ಹಡಗಿನ ಮೇಲೆ ದುಬೈಗೆ ಕಳಿಸುತ್ತೇನೆ ಅಂದರು. ನನಗೆ ನಂಬಿಕೆ ಬರಲಿಲ್ಲ.

"ಅಷ್ಟ್ ದೊಡ್ಡ ದೇಶದವರು ರೊಟ್ಟಿ ಅಲ್ಲೇ ಮಾಡಿಸ್ಕೋಬಾರದೇನ್ರಿ ಅಣ್ಣಾರ?" ಅಂದೆ.

"ಮಾಡಿಸ್ಲಿಕ್ಕೆ ಆಗುದಿಲ್ಲ ಅಂತಲ್ಲ ಅಕ್ಕಾ. ಯಂತ್ರ ತಂದಿಟ್ರೆ ನಿಮಗಿಂತ ಬೇಗ ಮಾಡಿಯಾರು. ಆದ್ರೆ ಅಷ್ಟು ಹೊತ್ತಿನಲ್ಲಿ ಅವರಿಗೆ ಅದಕ್ಕಿಂತ ದೊಡ್ಡ ಕೆಲಸ ಉಂಟು. ದೇಶ ದೇಶದ ವ್ಯಾಪಾರ ಎಲ್ಲ ಹೀಗೇ. ಒಂದು ಕೆಲಸ ಬರ್ತದೋ ಇಲ್ವೋ ಅಂತ ನೋಡುದಲ್ಲ. ಅದನ್ನು ಮಾಡ್ತಾ ಕೂತ್ರೆ ಬೇರೆ ಏನು ಕೈಬಿಟ್ಟು ಹೋಗ್ತದೆ, ಅದನ್ನು ನೋಡುದು."

ಹಾಗೆಂದವರು ನಮ್ಮಿಬ್ಬರ ಕೆಲಸವನ್ನೂ ಕೇಳಿದರು. ನಾನು ತಾಸಿಗೆ ಮೂವತ್ತು ರೊಟ್ಟಿ ಬಡಿದರೆ ತಂಗಿ ಹತ್ತು. ಚಟ್ನಿಯಾದರೆ ನಾನು ತಾಸಿಗೆ ಮೂರು ಡಬ್ಬಿ, ಅವಳು ಎರಡು. ಎರಡರಲ್ಲೂ ನಾನೇ ಮುಂದು. ಆ ಸೊಕ್ಕೂ ನನಗಿತ್ತು.

"ಎರಡ್ರಲ್ಲೂ ನೀವೇ ಜೋರು, ಸರಿ. ಆದ್ರೆ ನೀವು ಒಂದು ಡಬ್ಬಿ ಚಟ್ನಿ ಕುಟ್ಟುವಷ್ಟ್ರಲ್ಲಿ ಹತ್ತು ರೊಟ್ಟಿ ಹೋಯ್ತು. ಅವರು ಕುಟ್ಟಿದ್ರೆ ಹೋಗುದು ಐದೇ. ಅವರನ್ನು ರೊಟ್ಟಿಗೆ ಯಾಕೆ ಕೂರಿಸ್ತೀರಿ ಮಾರಾಯ್ರೆ?"

ಓದು ಬರದ ನನಗೂ ಅದು ತಿಳಿಯಿತು. ಮನೆಗೆ ಬಂದು ತಂಗಿಗೆ ಹೇಳಿದೆ.

"ನಾಳಿಂದ ನೀ ಚಟ್ನಿ ಅಷ್ಟೇ ಕುಟ್ಟು. ರೊಟ್ಟಿ ನಾ ನೋಡ್ಕೋತೀನಿ."

"ಯಾಕಕ್ಕಾ, ನನ್ನ ರೊಟ್ಟಿ ನಾಯಿನೂ ಮೂಸಂಗಿಲ್ಲೇನು?"

"ಮೂಸ್ತದ. ದಪ್ಪ ಅದಾವ ಅಂತ ಬಿಟ್ಟು ಹೋಗ್ತದ."

ಅವಳು ನಕ್ಕಳು. ಒಪ್ಪಿದಳೆಂದು ನಾನು ತಿಳಿದೆ.

ಖಾರದ ಪುಡಿ ಹಾರಿ ರೊಟ್ಟಿಯ ಮೇಲೆ ಕೂರುತ್ತದೆಂದು ಒರಳನ್ನು ಅವಳ ಖೋಲಿಗೆ ಸಾಗಿಸಿದೆವು. ನನ್ನ ಬಾಗಿಲಿನಿಂದ ಹತ್ತನೇ ಬಾಗಿಲು ಅವಳದು. ಕಡಿಮೆ ಬಿದ್ದ ಚಟ್ನಿಯನ್ನು ನಾನು ರೊಟ್ಟಿ ಕಟ್ಟಿಟ್ಟ ಮೇಲೆ ನನ್ನ ಖೋಲಿಯಲ್ಲೇ ಇನ್ನೊಂದು ಒರಳಿನಲ್ಲಿ ದಿನಕ್ಕೊಂದು ತಾಸು ಕುಟ್ಟುತ್ತಿದ್ದೆ, ಉಳಿದ ಹೊತ್ತೆಲ್ಲ ರೊಟ್ಟಿ. ಚಟ್ನಿ ಮೊದಲಿನಷ್ಟೇ ಬಂತು, ರೊಟ್ಟಿ ದಿನಕ್ಕೆ ಮೂವತ್ತು ಹೆಚ್ಚು ಬಂದವು. ದುಡಿದದ್ದು ಅದೇ ನಾಲ್ಕು ಕೈ. ಅಂಗಡಿಯವರ ಲೆಕ್ಕ ಸುಳ್ಳಾಗಲಿಲ್ಲ. ಇವತ್ತಿಗೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಇಬ್ಬರ ಮನೆಗೂ ಗ್ಯಾಸು ಬಂತು, ಅವಳ ಮಗಳು ಇಂಗ್ಲಿಷ್ ಶಾಲೆಗೆ ಹೋದಳು.

ನಮ್ಮ ಮಾತು ಮಾತ್ರ ನಿಂತುಹೋಯಿತು. ಸಂಜೆ ಡಬ್ಬಿ ತಂದಿಟ್ಟು, ಎಷ್ಟು ಎಂದು ಹೇಳಿ, ಅವಳು ಹೊರಟುಬಿಡುತ್ತಿದ್ದಳು. ಕಣ್ಣು ಕೆಂಪಗಿರುತ್ತಿದ್ದವು. ಖಾರಕ್ಕೆ ಎಂದುಕೊಂಡೆ.

ಎರಡನೇ ವರ್ಷ ನಾಗರ ಪಂಚಮಿ ಬಂತು. ಪಂಚಮಿಯ ಮುಂಚೆ ನಮ್ಮ ಕಡೆ ರೊಟ್ಟಿ ಹಬ್ಬ. ರೊಟ್ಟಿ ಬಡಿದು, ಮೇಲೆ ಪಲ್ಯ, ಚಟ್ನಿ ಇಟ್ಟು ಮನೆ ಮನೆಗೆ ಬೀರಬೇಕು. ಅವರೂ ರೊಟ್ಟಿಯನ್ನೇ ಕೊಡುತ್ತಾರೆ. ಎಲ್ಲರ ಮನೆಯಲ್ಲೂ ಇರುವುದನ್ನೇ ಎಲ್ಲರೂ ಎಲ್ಲರಿಗೂ ಹಂಚುವುದು. ವ್ಯಾಪಾರದ ಕಣ್ಣಿಗೆ ಅದು ಹುಚ್ಚು. ನನ್ನ ಕಣ್ಣು ಆ ಹೊತ್ತಿಗೆ ವ್ಯಾಪಾರದ್ದೇ ಆಗಿತ್ತು. ಹಬ್ಬದ ಮರುದಿನ ಬೆಳಿಗ್ಗೆಯೇ ದುಬೈಯ ಮಾಲು ಒಯ್ಯಲು ಗಾಡಿ ಬರುವುದಿತ್ತು.

"ನಿನ್ನ ಪಾಲಿನ ಹಬ್ಬದ ರೊಟ್ಟಿನೂ ನಾನೇ ಬಡೀತೀನಿ. ನೀ ಒಲಿ ಮ್ಯಾಲ ಹಂಚು ಇಡಬ್ಯಾಡ," ಅಂದೆ.

"ಹಬ್ಬದ್ದು ನಾ ಮಾಡ್ತೀನಕ್ಕಾ. ವರ್ಷಕ್ಕೊಂದಿನ."

"ನೀ ನಲವತ್ತು ಬಡಿಯೂದ್ರಾಗ ನಾಕ್ ತಾಸು ಹೋಗ್ತದ. ಅಷ್ಟ್ರಾಗ ಎಂಟು ಡಬ್ಬಿ ಚಟ್ನಿ ಆಗ್ತದ. ಶಾಣ್ಯಾಕಿ ಆಗು."

ಅವಳು ಒರಳಿನ ಮುಂದೆ ಕೂತಳು. ಎಂಟು ಡಬ್ಬಿ ಕುಟ್ಟಿ ಕೊಟ್ಟಳು.

ಸಂಜೆ ಎಳ್ಳು ಹಚ್ಚಿದ ನಲವತ್ತು ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟೆ. ಹೊಸ ಸೀರೆ ಉಟ್ಟುಕೊಂಡು ಬೀರಲು ಹೊರಟಳು. ಮೊದಲ ಮನೆ ವಿಜಯಪುರದ ಕಡೆಯ ಹೆಂಗಸಿನದು. ಆಗಷ್ಟೇ ನನ್ನ ಪಾಲಿನದನ್ನು ಕೊಟ್ಟು ನಾನಿನ್ನೂ ಅಲ್ಲೇ ನಿಂತಿದ್ದೆ, ಇನ್ನೂ ನಾಲ್ಕು ಹೆಂಗಸರಿದ್ದರು. ತಂಗಿ ಕೊಟ್ಟ ಎರಡು ರೊಟ್ಟಿಯನ್ನು ಆಕೆ ಬೆಳಕಿಗೆ ಹಿಡಿದಳು.

"ಇವು ನಿಮ್ಮಕ್ಕನ ಕೈಯಾವು. ನಿಮ್ಮಕ್ಕ ಈಗರ ಕೊಟ್ಳಲ್ಲ. ನಿನ್ನವು ಎಲ್ಲಿ ಅದಾವ ತಂಗೀ? ಒಂದಾ ಕೈಯಿನ ರೊಟ್ಟಿ ಎರಡೆರಡು ಸಲ ಇಸ್ಕೊಂಡು ನಾವೇನು ಅಂಗಡಿ ಇಡೂದೈತೇನು?"

ಹೆಂಗಸರೆಲ್ಲ ನಕ್ಕರು. ನಾನು ಸುಮ್ಮನಿರಬೇಕಿತ್ತು. ಅವಳ ಪರವಾಗಿ ಆಡುತ್ತೇನೆಂದುಕೊಂಡು ಬಾಯಿ ತೆರೆದೆ.

"ಇಕಿಗೆ ಚಟ್ನಿ ಚಲೋ ಬರ್ತದವ್ವ. ರೊಟ್ಟಿ ಬರಂಗಿಲ್ಲ. ಅದಕ್ಕ ನಾ ಮಾಡಿಕೊಟ್ಟೀನಿ."

ಹನ್ನೆರಡನೇ ವಯಸ್ಸಿನಲ್ಲಿ ಅವಳಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದವಳೇ ನಾನು. ಅವಳು ನನ್ನ ಮುಖ ನೋಡಿದಳು. ಬಟ್ಟೆ ಕಟ್ಟಿಕೊಂಡು ತನ್ನ ಖೋಲಿಗೆ ಹೋದಳು. ಮುಂದಿನ ಮನೆಗೆ ಹೋಗಲಿಲ್ಲ.

ಆ ತಿಂಗಳೇ ಅವರು ಚಾಳು ಬಿಟ್ಟು ದೂರದ ಕಾಮೋಠೆಗೆ ಹೋದರು. ಅವಳ ಗಂಡನಿಗೆ ಅಲ್ಲಿ ಒಂದು ಬಿಲ್ಡಿಂಗಿನಲ್ಲಿ ವಾಚಮನ್ ಕೆಲಸ ಸಿಕ್ಕಿತ್ತು. ಅದಕ್ಕೇ ಹೋದರು ಎಂದು ಚಾಳಿನಲ್ಲಿ ಎಲ್ಲರಿಗೂ ಹೇಳಿದೆ. ಅಲ್ಲಿಗೆ ಹೋದ ಮೂರನೇ ವರ್ಷ ಅವಳು ಜ್ವರ ಬಂದು ಸತ್ತಳು. ನನಗೆ ಸುದ್ದಿ ತಡವಾಗಿ ಬಂತು. ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಡುಗೆಮನೆಯಲ್ಲಿ ಅಂಗಡಿಯಿಂದ ತಂದ ಚಪಾತಿಯ ಪೊಟ್ಟಣ ಕಂಡಿತು. ಹಂಚು ಎಲ್ಲಿ ಎಂದು ಅವಳ ಮಗಳನ್ನು ಕೇಳಿದೆ. ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ.

"ಮಮ್ಮಿ ಕೋ ರೋಟಿ ಬನಾನಾ ನಹೀ ಆತಾ ಥಾ, ಮೌಸಿ," ಅಂದಳು.

ತಾಯಿಗೆ ರೊಟ್ಟಿ ಮಾಡಲು ಬರುತ್ತಲೇ ಇರಲಿಲ್ಲ ಎಂದೇ ಆ ಮಗು ನಂಬಿತ್ತು. ಬರುತ್ತಿತ್ತು ಎಂದು ನಾನು ಹೇಳಲಿಲ್ಲ.

ಆದರೆ ನನ್ನನ್ನು ಈಗಲೂ ಕೊರೆಯುವುದು ರೊಟ್ಟಿ ಹಬ್ಬದ ಮರುದಿನದ ಬೆಳಗು. ಅವಳಿನ್ನೂ ಚಾಳಿನಲ್ಲೇ ಇದ್ದಳು. ಎದ್ದು ಬಾಗಿಲು ತೆಗೆದೆ. ಹೊಸ್ತಿಲ ಹೊರಗೆ ಬಿಳಿ ಬಟ್ಟೆಯ ಗಂಟು ಇತ್ತು. ಹತ್ತನೇ ಬಾಗಿಲು ಮುಚ್ಚಿತ್ತು, ಒಳಗೆ ಒರಳಿನ ಸದ್ದು ಕೇಳುತ್ತಿತ್ತು. ಹೋಗಿ ಬಾಗಿಲು ಬಡಿಯಬಹುದಿತ್ತು. ಗಂಟು ಬಿಚ್ಚಿ ಎಣಿಸಿದೆ. ಮೂವತ್ತೆಂಟು ರೊಟ್ಟಿ, ಒಂದೂ ಮುರಿದಿರಲಿಲ್ಲ. ದುಬೈಯ ಮಾಲಿಗೆ ಅಷ್ಟೇ ಕಡಿಮೆ ಬಿದ್ದಿದ್ದವು. ಎಳ್ಳಿನ ಬದಿ ಕೆಳಗೆ ಮಾಡಿ ಪ್ಯಾಕೆಟ್ಟಿಗೆ ತುಂಬಿದೆ, ಚೀಟಿ ಹಚ್ಚಿದೆ, ಗಾಡಿಗೆ ಏರಿಸಿದೆ.